ಮೊದಲ ಸೂಜಿ ತನ್ನ ಮೈಗೆ

ಮಗುವಿಗೆ ಚುಚ್ಚುಮದ್ದು ಹಾಕಿಸಿಕೊಂಡು ಬಂದ ದಿನ ಮನೆಯಲ್ಲಿ ಏನಾಗುತ್ತದೆಂದು ನಿಮಗೆ ಗೊತ್ತು. ಸಂಜೆಯ ಹೊತ್ತಿಗೆ ಮೈ ಬಿಸಿಯಾಗುತ್ತದೆ. ಚುಚ್ಚಿದ ಜಾಗ ಕೆಂಪಗೆ ಊದಿಕೊಳ್ಳುತ್ತದೆ. ಮಗು ರಾತ್ರಿಯಿಡೀ ಅಳುತ್ತದೆ. ಆಡಿಕೊಂಡಿದ್ದ ಮಗುವಿಗೆ ಸುಮ್ಮನೆ ನೋವು ಕೊಡಿಸಿದಿರೆಂದು ಮನೆಯ ಹಿರಿಯರು ಗೊಣಗುತ್ತಾರೆ. ಮರುದಿನ ನೆರೆಮನೆಯವರು ಬಂದು, ಎಲ್ಲೋ ಯಾವುದೋ ಮಗುವಿಗೆ ಏನೋ ಆಯಿತಂತೆ ಎಂದು ಹೇಳಿ ಹೋಗುತ್ತಾರೆ. ತಾಯಿಯ ಎದೆ ನಡುಗುತ್ತದೆ. ಮುಂದಿನ ಲಸಿಕೆಯ ತಾರೀಕು ಬರೆದ ಚೀಟಿ ಕಪಾಟಿನ ಮೂಲೆ ಸೇರುತ್ತದೆ.

ಆ ತಾಯಿಯನ್ನು ನಾವು ಗದರಿಸಬೇಕಾಗಿಲ್ಲ. ಅವಳ ಭಯ ಹುಟ್ಟಿದ್ದು ಮಮತೆಯಿಂದ. ಆದರೆ ಕೇಳಿದ ಸುದ್ದಿಯನ್ನು ನಂಬುವ ಮುನ್ನ ಅವಳೂ ನೀವೂ ಒಬ್ಬ ಮನುಷ್ಯನ ಬದುಕನ್ನು ತಿಳಿದುಕೊಳ್ಳುವುದು ಒಳ್ಳೆಯದು. ನಮ್ಮ ದೇಶದಲ್ಲಿ ಕಾಲರಾ ಮತ್ತು ಪ್ಲೇಗ್ ಜನರನ್ನು ಸಾವಿರಗಟ್ಟಲೆ ಕೊಲ್ಲುತ್ತಿದ್ದ ಕಾಲದಲ್ಲಿ ಲಸಿಕೆ ಹಿಡಿದುಕೊಂಡು ಇಲ್ಲಿಗೆ ಬಂದವರು ಅವರು. ಅವರ ಹೆಸರು ವಾಲ್ಡೆಮರ್ ಹಾಫ್ಕಿನ್. ಮುಂಬಯಿಯ ಪರೇಲ್‌ನಲ್ಲಿ ಅವರ ಹೆಸರನ್ನು ಹೊತ್ತ ಸಂಸ್ಥೆ ಇಂದಿಗೂ ಇದೆ. ಆದರೆ ಯಾರ ಪ್ರಾಣ ಉಳಿಸಲು ಅವರು ಹೆಣಗಿದರೋ ಆ ಜನರ ಮೊಮ್ಮಕ್ಕಳಾದ ನಮ್ಮಲ್ಲಿ ಎಷ್ಟು ಮಂದಿಗೆ ಆ ಹೆಸರು ಗೊತ್ತು?

ಹಾಫ್ಕಿನ್ ಹುಟ್ಟಿದ್ದು 1860ರ ಮಾರ್ಚ್ 15ರಂದು, ಕಪ್ಪು ಸಮುದ್ರದ ದಡದ ಒಡೆಸ್ಸಾ ನಗರದಲ್ಲಿ. ಇಂದು ಯುಕ್ರೇನ್ ದೇಶದಲ್ಲಿರುವ ಆ ಊರು ಆಗ ರಷ್ಯಾದ ಚಕ್ರವರ್ತಿಗಳ ಅಧೀನದಲ್ಲಿತ್ತು. ಅವರದು ಯಹೂದಿ ಕುಟುಂಬ. ಆ ಸಾಮ್ರಾಜ್ಯದಲ್ಲಿ ಯಹೂದಿಯಾಗಿ ಬದುಕುವುದು ಸುಲಭದ ಮಾತಾಗಿರಲಿಲ್ಲ. 1881ರಲ್ಲಿ ಚಕ್ರವರ್ತಿಯ ಕೊಲೆಯಾದ ಬಳಿಕ ಯಹೂದಿಗಳ ಮನೆ, ಅಂಗಡಿಗಳ ಮೇಲೆ ಗುಂಪುಗಳು ದಾಳಿ ಮಾಡತೊಡಗಿದವು. ಆಗಿನ್ನೂ ವಿದ್ಯಾರ್ಥಿಯಾಗಿದ್ದ ಹಾಫ್ಕಿನ್ ತಮ್ಮವರ ರಕ್ಷಣೆಗೆ ನಿಂತು ಗಾಯಗೊಂಡರು, ಸೆರೆಯನ್ನೂ ಕಂಡರು. ಅವರನ್ನು ಬಿಡಿಸಲು ಮುಂದಾದವರು ಅವರ ಗುರು, ಮುಂದೆ ನೊಬೆಲ್ ಪಾರಿತೋಷಕ ಪಡೆದ ಮೆಚ್ನಿಕಾಫ್.

ವಿದ್ಯೆಯಲ್ಲಿ ಹಾಫ್ಕಿನ್ ಮುಂದಿದ್ದರು. ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಲು ಬೇಕಾದ ಅರ್ಹತೆಯೂ ಇತ್ತು. ಆದರೆ ಆ ಹುದ್ದೆಗೆ ಒಂದು ಷರತ್ತು ಇತ್ತು. ತಮ್ಮ ಧರ್ಮವನ್ನು ಬಿಟ್ಟು ಸರಕಾರದ ಚರ್ಚನ್ನು ಸೇರಬೇಕಾಗಿತ್ತು. ಹಾಫ್ಕಿನ್ ಹುದ್ದೆಯನ್ನು ಬಿಟ್ಟರು, ಧರ್ಮವನ್ನು ಬಿಡಲಿಲ್ಲ. ಅನ್ನಕ್ಕಾಗಿ ವಿಶ್ವಾಸವನ್ನು ಮಾರಿಕೊಳ್ಳದ ಈ ಗುಣ ಯಾರಲ್ಲಿ ಕಂಡರೂ ಮೆಚ್ಚತಕ್ಕದ್ದೇ ಅಲ್ಲವೇ?

1888ರಲ್ಲಿ ಅವರು ತಾಯ್ನಾಡನ್ನು ತೊರೆದು ಸ್ವಿಟ್ಜರ್‌ಲೆಂಡಿನ ಜಿನೀವಾಕ್ಕೆ ಹೋದರು. ಮರುವರ್ಷ ಪ್ಯಾರಿಸ್ಸಿಗೆ ಬಂದರು. ಹುಚ್ಚುನಾಯಿ ಕಡಿತಕ್ಕೆ ಲಸಿಕೆ ಕಂಡುಹಿಡಿದ ಲೂಯಿ ಪಾಶ್ಚರ್ ಅವರ ಸಂಸ್ಥೆ ಆಗ ತಾನೇ ಅಲ್ಲಿ ಆರಂಭವಾಗಿತ್ತು. ಗುರು ಮೆಚ್ನಿಕಾಫ್ ಕೂಡ ಅಲ್ಲಿದ್ದರು. ಆದರೆ ಶಿಷ್ಯನಿಗೆ ಸಿಕ್ಕಿದ್ದು ಗ್ರಂಥಪಾಲಕನ ಕೆಲಸ ಮಾತ್ರ. ಅವರು ಅದನ್ನು ಸಣ್ಣ ಕೆಲಸವೆಂದು ತಳ್ಳಲಿಲ್ಲ. ಪುಸ್ತಕಗಳನ್ನು ನೋಡಿಕೊಳ್ಳುತ್ತ, ಬಿಡುವು ಸಿಕ್ಕಾಗಲೆಲ್ಲ ಪ್ರಯೋಗಾಲಯದಲ್ಲಿ ಕುಳಿತು ರೋಗಾಣುಗಳನ್ನು ಅಭ್ಯಾಸ ಮಾಡಿದರು.

ಲಸಿಕೆಯ ಹಿಂದಿರುವ ತತ್ವ ಬಹಳ ಸರಳವಾದುದು. ನಮ್ಮ ಶರೀರಕ್ಕೆ ಅಲ್ಲಾಹನು ಒಂದು ವಿಶೇಷ ಶಕ್ತಿಯನ್ನು ಕೊಟ್ಟಿದ್ದಾನೆ. ಒಮ್ಮೆ ಎದುರಿಸಿದ ರೋಗಾಣುವನ್ನು ಅದು ನೆನಪಿಟ್ಟುಕೊಳ್ಳುತ್ತದೆ. ಅದೇ ರೋಗಾಣು ಮತ್ತೆ ಒಳಹೊಕ್ಕರೆ ಬೇಗನೆ ಗುರುತಿಸಿ ಹೋರಾಡುತ್ತದೆ. ಬಲಗುಂದಿಸಿದ ಅಥವಾ ಕೊಂದ ರೋಗಾಣುವನ್ನು ಮೊದಲೇ ಮೈಗೆ ಪರಿಚಯಿಸಿದರೆ, ರೋಗದ ನರಳಾಟವಿಲ್ಲದೆಯೇ ಆ ನೆನಪು ಉಳಿಯುತ್ತದೆ. ಚುಚ್ಚಿದ ರಾತ್ರಿ ಮಗುವಿಗೆ ಬರುವ ಸಣ್ಣ ಜ್ವರ ಸಾಮಾನ್ಯವಾಗಿ ಶರೀರ ಆ ಪಾಠವನ್ನು ಕಲಿಯುತ್ತಿರುವುದರ ಗುರುತು.

ಹಾಫ್ಕಿನ್ ಕೈಗೆತ್ತಿಕೊಂಡದ್ದು ಕಾಲರಾವನ್ನು, ನಮ್ಮ ಹಿರಿಯರು ವಾಂತಿಭೇದಿ ಎನ್ನುತ್ತಿದ್ದ ರೋಗವನ್ನು. ಬೆಳಿಗ್ಗೆ ಗಟ್ಟಿಯಾಗಿದ್ದ ಮನುಷ್ಯನನ್ನು ಸಂಜೆಗೆ ದಫನ್ ಮಾಡಬೇಕಾಗಿ ಬರುತ್ತಿದ್ದ ಕಾಲ ಅದು. ಹಲವು ಕಾಲದ ಪ್ರಯೋಗದ ಬಳಿಕ ಅವರು ಒಂದು ಲಸಿಕೆ ಸಿದ್ಧಪಡಿಸಿದರು. ಅದು ಪ್ರಾಣಿಗಳಲ್ಲಿ ಫಲ ಕೊಟ್ಟಿತು. ಮನುಷ್ಯರಲ್ಲಿ? ಅದನ್ನು ಯಾರ ಮೇಲೆ ಪರೀಕ್ಷಿಸುವುದು? ಸೆರೆಯಾಳನ್ನು, ಬಡವನನ್ನು, ಅನಾಥನನ್ನು ಹುಡುಕುವವರು ಲೋಕದಲ್ಲಿ ಕಡಿಮೆಯಿಲ್ಲ. ಹಾಫ್ಕಿನ್ ಹಾಗೆ ಮಾಡಲಿಲ್ಲ. 1892ರ ಜುಲೈ 18ರಂದು ಅವರು ಆ ಲಸಿಕೆಯನ್ನು ತಮ್ಮ ಮೈಗೇ ಚುಚ್ಚಿಸಿಕೊಂಡರು. ಜ್ವರ ಬಂತು, ನೋವು ಬಂತು, ಇಳಿಯಿತು. ಆರು ದಿನಗಳ ನಂತರ ಇನ್ನೂ ಬಲವಾದ ಎರಡನೆಯ ಚುಚ್ಚುಮದ್ದು ತೆಗೆದುಕೊಂಡರು. ಅದನ್ನೂ ತಾಳಿಕೊಂಡ ಮೇಲೆಯೇ ವಿಜ್ಞಾನಿಗಳ ಸಭೆಯ ಮುಂದೆ ತಮ್ಮ ಸಂಶೋಧನೆಯನ್ನು ಇಟ್ಟರು.

ಆ ಕಾಲದಲ್ಲಿ ಕಾಲರಾದ ತವರು ಬಂಗಾಳವಾಗಿತ್ತು. ಭಾರತದಲ್ಲಿ ವೈಸ್‌ರಾಯ್ ಆಗಿದ್ದ ಡಫರಿನ್ ಆಗ ಪ್ಯಾರಿಸ್ಸಿನಲ್ಲಿ ಬ್ರಿಟಿಷ್ ರಾಯಭಾರಿಯಾಗಿದ್ದರು. ಅವರ ನೆರವಿನಿಂದ ಹಾಫ್ಕಿನ್ 1893ರ ಮಾರ್ಚ್‌ನಲ್ಲಿ ಕಲ್ಕತ್ತೆಗೆ ಬಂದಿಳಿದರು. ಭಾಷೆ ತಿಳಿಯದು, ಜನರ ಪರಿಚಯವಿಲ್ಲ. ಬಂದವನು ಬಿಳಿಯ, ಕೈಯಲ್ಲಿ ಸೂಜಿ. ಜನ ಹೇಗೆ ನಂಬಿಯಾರು? ಆದರೂ ಅವರು ಬಲವಂತದ ದಾರಿ ಹಿಡಿಯಲಿಲ್ಲ. ಒಪ್ಪಿ ಬಂದವರಿಗೆ ಮಾತ್ರ ಲಸಿಕೆ ಎಂಬುದು ಅವರ ನಿಯಮವಾಗಿತ್ತು. ಭಾರತೀಯ ವೈದ್ಯರನ್ನು ಜೊತೆಗಿಟ್ಟುಕೊಂಡು ಊರೂರು ಅಲೆದರು. 1894ರಲ್ಲಿ ಕಲ್ಕತ್ತೆಯ ಕಟ್ಟಲ್ ಬಾಗಾನ್ ಎಂಬ ಕೊಳೆಗೇರಿಯಲ್ಲಿ ಕಾಲರಾ ಕಾಣಿಸಿತು. ಸುಮಾರು 200 ಜನರಿದ್ದ ಆ ಕೇರಿಯಲ್ಲಿ 116 ಮಂದಿ ಲಸಿಕೆಗೆ ಒಪ್ಪಿದರು. ಮುಂದೆ ಅಲ್ಲಿ ರೋಗ ಬಂದು ಸತ್ತವರೆಲ್ಲರೂ ಹಾಕಿಸಿಕೊಳ್ಳದಿದ್ದವರು. ನೆರೆಹೊರೆಯವರು ಇದನ್ನು ಕಣ್ಣಾರೆ ಕಂಡರು. ಭಾಷಣ ಮಾಡಲಾಗದ್ದನ್ನು ಆ ಕೇರಿ ಮಾಡಿತು. 1895ರ ಹೊತ್ತಿಗೆ ನಲ್ವತ್ತು ಸಾವಿರಕ್ಕೂ ಹೆಚ್ಚು ಜನ ಲಸಿಕೆ ಪಡೆದಿದ್ದರು. ಈ ಅಲೆದಾಟದಲ್ಲಿ ಹಾಫ್ಕಿನ್ ಸ್ವತಃ ಮಲೇರಿಯಾಕ್ಕೆ ತುತ್ತಾಗಿ ಯುರೋಪಿಗೆ ಮರಳಬೇಕಾಯಿತು. ಚೇತರಿಸಿಕೊಂಡ ಕೂಡಲೇ ಮತ್ತೆ ಬಂದರು.

ಅಷ್ಟರಲ್ಲಿ ಇನ್ನೊಂದು ಮಹಾಮಾರಿ ಬಾಗಿಲು ತಟ್ಟಿತ್ತು. 1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡ್ವಿ ಪ್ರದೇಶದಲ್ಲಿ ಡಾ. ವಿಯೇಗಸ್ ಎಂಬ ವೈದ್ಯರು ಪ್ಲೇಗ್ ರೋಗವನ್ನು ಗುರುತಿಸಿದರು. ತೊಡೆಸಂದಿಯಲ್ಲಿ, ಕಂಕುಳಲ್ಲಿ ಗಂಟು ಕಟ್ಟಿ, ಸುಡುವ ಜ್ವರ ಬಂದು ಕೆಲವೇ ದಿನಗಳಲ್ಲಿ ರೋಗಿ ಸಾಯುತ್ತಿದ್ದ. ಜನ ಲಕ್ಷಗಟ್ಟಲೆ ಊರು ಬಿಟ್ಟು ಓಡಿದರು. ಓಡಿದವರ ಜೊತೆ ರೋಗವೂ ಹೊರಟಿತು. ಸಾಂಕ್ರಾಮಿಕ ರೋಗವಿರುವ ಊರಿಗೆ ಹೊರಗಿನವರು ಹೋಗಬಾರದು, ಒಳಗಿರುವವರು ಅಲ್ಲಿಂದ ಓಡಿಹೋಗಬಾರದು ಎಂದು ಪ್ರವಾದಿವರ್ಯರು(ಸ) ಕಲಿಸಿದ್ದರ ಅರ್ಥ ಆ ವರ್ಷ ಹಿಂದೂಸ್ತಾನಕ್ಕೆಲ್ಲ ಮನವರಿಕೆಯಾಯಿತು. 1897ರಲ್ಲಿ ಮುಂಬಯಿಯಿಂದ ಹಜ್ಜ್ ಯಾತ್ರೆಯನ್ನೇ ನಿಲ್ಲಿಸಬೇಕಾಯಿತು. 1898ರಲ್ಲಿ ಪ್ಲೇಗ್ ಬೆಂಗಳೂರನ್ನೂ ಹೊಕ್ಕಿತು. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ನಮ್ಮ ಹುಬ್ಬಳ್ಳಿ, ಧಾರವಾಡಗಳನ್ನೂ ಬಿಡಲಿಲ್ಲ.

ಸರಕಾರ ಹಾಫ್ಕಿನ್‌ರನ್ನು ಮುಂಬಯಿಗೆ ಕಳಿಸಿತು. ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಅವರಿಗೆ ಸಿಕ್ಕಿದ್ದು ಒಂದು ಕೋಣೆ ಮತ್ತು ಒಂದು ಮೊಗಸಾಲೆ. ಸಹಾಯಕ್ಕೆ ಒಬ್ಬ ಗುಮಾಸ್ತ, ಮೂವರು ಜವಾನರು. ಅಷ್ಟರಲ್ಲೇ ಹಗಲಿರುಳೂ ದುಡಿದರು. ಮಾಂಸದ ಸಾರಿನಲ್ಲಿ ಪ್ಲೇಗಿನ ರೋಗಾಣುಗಳನ್ನು ಬೆಳೆಸಿ, ಅವುಗಳನ್ನು ಕಾಯಿಸಿ ಕೊಂದು ಲಸಿಕೆ ತಯಾರಿಸುವುದು ಅವರ ಕ್ರಮ. ಆ ಸಾರಿಗೆ ಅವರು ಆರಿಸಿಕೊಂಡದ್ದು ಆಡಿನ ಮಾಂಸವನ್ನು. ದನದ ಮಾಂಸವಾದರೆ ಹಿಂದುಗಳ ಮನಸ್ಸು ನೋಯುತ್ತದೆ, ಹಂದಿಯದಾದರೆ ಮುಸಲ್ಮಾನರು ಒಪ್ಪುವುದಿಲ್ಲ. ಸಾರಿನ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಟ್ಟರೆ ರೋಗಾಣುಗಳು ಅವುಗಳ ಅಡಿಯಿಂದ ಬೇರಿನಂತೆ ಇಳಿಬಿದ್ದು ಬೆಳೆಯುತ್ತಿದ್ದವು. ತಮ್ಮ ಧರ್ಮಕ್ಕಾಗಿ ಹುದ್ದೆ ಕಳೆದುಕೊಂಡ ಮನುಷ್ಯ ಪರರ ಧರ್ಮದ ಕಟ್ಟಳೆಯನ್ನೂ ಲೆಕ್ಕಕ್ಕಿಟ್ಟುಕೊಂಡಿದ್ದರು, ನೋಡಿ.

ಮೂರೇ ತಿಂಗಳಲ್ಲಿ ಲಸಿಕೆ ಸಿದ್ಧವಾಯಿತು. 1897ರ ಜನವರಿ 10ರಂದು, ಪ್ಯಾರಿಸ್ಸಿನಲ್ಲಿ ಮಾಡಿದಂತೆಯೇ, ಮೊದಲ ಸೂಜಿಯನ್ನು ಅವರು ತಮ್ಮ ಮೈಗೇ ಹಾಕಿಸಿಕೊಂಡರು. ಮುಂದೆ ಜನರಿಗೆ ಕೊಟ್ಟದ್ದಕ್ಕಿಂತ ಹೆಚ್ಚಿನ ಪ್ರಮಾಣ ಅದು. ಆ ತಿಂಗಳ ಕೊನೆಯಲ್ಲಿ ಬೈಕುಲ್ಲಾ ಸೆರೆಮನೆಯಲ್ಲಿ ಪ್ಲೇಗ್ ಕಾಣಿಸಿತು. ಅಲ್ಲಿಯೂ ಒಪ್ಪಿದವರಿಗೆ ಮಾತ್ರ ಲಸಿಕೆ. ಸುಮಾರು ಅರ್ಧದಷ್ಟು ಜನ ಮುಂದೆ ಬಂದರು. ಆ ದಿನಕ್ಕಾಗಲೇ ರೋಗ ಹತ್ತಿದ್ದವರನ್ನು ಬಿಟ್ಟರೆ, ಹಾಕಿಸಿಕೊಂಡವರಲ್ಲಿ ಇಬ್ಬರಿಗೆ ಪ್ಲೇಗ್ ಬಂತು, ಯಾರೂ ಸಾಯಲಿಲ್ಲ. ಹಾಕಿಸಿಕೊಳ್ಳದವರಲ್ಲಿ 12 ಜನರಿಗೆ ಬಂತು, 6 ಜನ ತೀರಿಕೊಂಡರು. ಲಸಿಕೆ ಎಲ್ಲವನ್ನೂ ತಡೆಯುವ ಕೋಟೆಯೇನೂ ಆಗಿರಲಿಲ್ಲ. ಆದರೆ ಸಾವಿನ ಕೈಯಿಂದ ಬಹಳ ಜನರನ್ನು ಬಿಡಿಸಬಲ್ಲುದಾಗಿತ್ತು.

ಆದರೂ ಊರಿನಲ್ಲಿ ಅಪನಂಬಿಕೆ ಇತ್ತು. ಅದಕ್ಕೆ ಕಾರಣವೂ ಇತ್ತು ಎಂಬುದನ್ನು ನ್ಯಾಯವಾಗಿ ಒಪ್ಪಬೇಕು. 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯ ಬಲದಿಂದ ಅಧಿಕಾರಿಗಳು ಮನೆಗಳಿಗೆ ನುಗ್ಗುತ್ತಿದ್ದರು. ಸಿಪಾಯಿಗಳು ಜನಾನಾದ ಒಳಗೂ ಕಾಲಿಡುತ್ತಿದ್ದರು. ಪರಪುರುಷರು ಹೆಂಗಸರ ಮೈ ತಪಾಸಣೆ ಮಾಡಿದ್ದುಂಟು. ರೋಗಿಗಳನ್ನು ಮನೆಯವರಿಂದ ಕಿತ್ತುಕೊಂಡು ಹೋದದ್ದುಂಟು. ಪುಣೆಯಲ್ಲಿ ಈ ದಬ್ಬಾಳಿಕೆಗೆ ರೊಚ್ಚಿಗೆದ್ದು ರ‍್ಯಾಂಡ್ ಎಂಬ ಪ್ಲೇಗ್ ಅಧಿಕಾರಿಯನ್ನು ಕೊಂದೇಬಿಟ್ಟರು. ಇಂಥ ಸರಕಾರದ ಕೈಯಲ್ಲಿರುವ ಸೂಜಿಯನ್ನು ಜನ ನಂಬದಿದ್ದರೆ ತಪ್ಪು ಜನರದಷ್ಟೇ ಅಲ್ಲ. ಮರ್ಯಾದೆ ಕೊಡದವನ ಮದ್ದನ್ನು ಯಾರು ತಾನೇ ಕುಡಿಯುತ್ತಾರೆ?

ಆ ಹೊತ್ತಿನಲ್ಲಿ ಮುಂದೆ ಬಂದವರು ಖೋಜಾ ಇಸ್ಮಾಯಿಲಿ ಮುಸ್ಲಿಮರ ನಾಯಕ, ಮೂರನೆಯ ಆಗಾ ಖಾನ್ ಸುಲ್ತಾನ್ ಮುಹಮ್ಮದ್ ಷಾ. ಆಗ ಅವರಿಗೆ ಇನ್ನೂ ಇಪ್ಪತ್ತರ ಆಸುಪಾಸು. ಅವರು ತಮ್ಮ ಜನರಿಗೆ ಹುಕುಂ ಹೊರಡಿಸಿ ಸುಮ್ಮನೆ ಕೂರಲಿಲ್ಲ. ಎಲ್ಲರ ಕಣ್ಣೆದುರು ತಾವೇ ಲಸಿಕೆ ಹಾಕಿಸಿಕೊಂಡರು, ಅದೂ ಒಂದಲ್ಲ, ಹಲವು ಬಾರಿ. ಪ್ರಯೋಗಾಲಯಕ್ಕಾಗಿ ತಮ್ಮ ಖುಸ್ರು ಲಾಡ್ಜ್ ಎಂಬ ಬಂಗಲೆಯನ್ನು ಬಿಟ್ಟುಕೊಟ್ಟರು. ಅವರ ಸಮುದಾಯದ ಸಾವಿರಾರು ಜನ ಸಾಲುಗಟ್ಟಿ ನಿಂತರು. ಹಾಫ್ಕಿನ್ ಮೊದಲು ತಮ್ಮ ಮೈ ಒಡ್ಡಿದರು, ಆಗಾ ಖಾನ್ ಮೊದಲು ತಮ್ಮ ತೋಳು ಒಡ್ಡಿದರು. ಸಾವಿರ ಉಪದೇಶಗಳಿಗಿಂತ ಇದು ಹೆಚ್ಚು ಕೆಲಸ ಮಾಡಿತು. 1898ರಲ್ಲಿ ಹುಬ್ಬಳ್ಳಿಯಲ್ಲಿ ಪ್ಲೇಗ್ ಭುಗಿಲೆದ್ದಾಗ ಅಲ್ಲಿಯೂ ಜನ ಸಾವಿರಗಟ್ಟಲೆ ಬಂದು ಲಸಿಕೆ ಪಡೆದರು. 1899ರಲ್ಲಿ ಪ್ರಯೋಗಾಲಯ ಪರೇಲ್‌ನ ಹಳೆಯ ಗವರ್ನಮೆಂಟ್ ಹೌಸ್‌ಗೆ ಸ್ಥಳಾಂತರವಾಯಿತು.

ಕೀರ್ತಿಯ ಶಿಖರದಲ್ಲಿ ನಿಂತಿದ್ದಾಗಲೇ ಹಾಫ್ಕಿನ್‌ರ ಬದುಕಿನ ಅತಿ ದೊಡ್ಡ ಪರೀಕ್ಷೆ ಬಂದಿತು. ಓದುಗರೇ, ಇದನ್ನು ನೀವು ಗಮನವಿಟ್ಟು ಓದಬೇಕು.

1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಜನರಿಗೆ ಪ್ಲೇಗ್ ಲಸಿಕೆ ಹಾಕಲಾಯಿತು. ಲಸಿಕೆ ಬಂದಿದ್ದುದು ಐದು ಬಾಟಲಿಗಳಲ್ಲಿ. ಕೆಲವೇ ದಿನಗಳಲ್ಲಿ ಅವರ ಪೈಕಿ 19 ಜನರ ದವಡೆ ಕಚ್ಚಿಕೊಂಡಿತು, ಮೈ ಬಿಲ್ಲಿನಂತೆ ಸೆಟೆಯಿತು. ಅದು ಧನುರ್ವಾಯು. ಹತ್ತೊಂಬತ್ತೂ ಜನ ಸತ್ತರು. ಆ ಮನೆಗಳ ಗೋಳನ್ನು ಊಹಿಸಿಕೊಳ್ಳಿ. ಪ್ರಾಣ ಉಳಿಯಲೆಂದು ತೋಳು ಕೊಟ್ಟವರು ಹೆಣವಾಗಿದ್ದರು. ಈ ದುಃಖವನ್ನು ಯಾವ ವಿಜ್ಞಾನದ ಹೆಸರಿನಲ್ಲೂ ಸಣ್ಣದೆಂದು ಹೇಳಲಾಗದು.

ಸುದ್ದಿ ಕಾಡ್ಗಿಚ್ಚಿನಂತೆ ಹಬ್ಬಿತು. ಲಸಿಕೆಯೇ ಕೊಂದಿತೆಂದು ಜನ ಹೇಳಿದರು. ಸರಕಾರ ಒಂದು ಆಯೋಗವನ್ನು ನೇಮಿಸಿತು. ಹಾಫ್ಕಿನ್ ಲಸಿಕೆ ತಯಾರಿಸುವ ಕ್ರಮದಲ್ಲಿ ಆಗಷ್ಟೇ ಒಂದು ಬದಲಾವಣೆ ಮಾಡಿದ್ದರು. ಕಾರ್ಬಾಲಿಕ್ ಆಮ್ಲ ಬೆರೆಸುವುದನ್ನು ಬಿಟ್ಟು, ಕಾಯಿಸುವುದನ್ನೇ ನೆಚ್ಚಿಕೊಂಡಿದ್ದರು. ಆಯೋಗ ಆ ಬದಲಾವಣೆಯತ್ತ ಬೆರಳು ತೋರಿಸಿ, ಮುಂಬಯಿಯಲ್ಲೇ ಬಾಟಲಿ ಕೆಟ್ಟಿತ್ತೆಂದು ತೀರ್ಮಾನಿಸಿತು. ಹಾಫ್ಕಿನ್‌ರನ್ನು ಹುದ್ದೆಯಿಂದ ದೂರವಿಟ್ಟರು. ಹತ್ತು ವರ್ಷಗಳ ದುಡಿಮೆ ಒಂದೇ ಏಟಿಗೆ ಮಣ್ಣುಪಾಲಾಯಿತು.

ಆದರೆ ನಡೆದದ್ದೇನು? ಸತ್ತ 19 ಜನರೂ ಒಂದೇ ಬಾಟಲಿಯಿಂದ ಲಸಿಕೆ ಪಡೆದವರು. ಉಳಿದ ನಾಲ್ಕು ಬಾಟಲಿಗಳಿಂದ ಪಡೆದ 88 ಜನರಿಗೆ ಏನೂ ಆಗಿರಲಿಲ್ಲ. ಆ ಒಂದು ಬಾಟಲಿಯನ್ನು ಹಳ್ಳಿಯಲ್ಲಿ ತೆರೆಯುವಾಗ ಸಹಾಯಕನ ಕೈಯಿಂದ ಚಿಮಟ ಜಾರಿ ನೆಲಕ್ಕೆ ಬಿದ್ದಿತ್ತು. ಧನುರ್ವಾಯುವಿನ ರೋಗಾಣುಗಳು ಮಣ್ಣಿನಲ್ಲಿರುತ್ತವೆ. ಬಿದ್ದ ಚಿಮಟವನ್ನು ಬೆಂಕಿಯಲ್ಲಿ ಕಾಯಿಸದೆ, ಔಷಧದ ನೀರಿನಲ್ಲಿ ಅದ್ದಿ ಅದರಿಂದಲೇ ಬಿರಡೆ ತೆಗೆಯಲಾಗಿತ್ತು. ಮುಂಬಯಿಯಲ್ಲೇ ಆ ರೋಗಾಣು ಸೇರಿದ್ದರೆ, ಅಷ್ಟು ದಿನಗಳ ನಂತರ ತೆರೆದಾಗ ಬಾಟಲಿಯಿಂದ ದುರ್ವಾಸನೆ ಬರಬೇಕಾಗಿತ್ತು. ತೆರೆದಾಗ ಅಂಥ ವಾಸನೆಯೇನೂ ಕಂಡುಬಂದಿರಲಿಲ್ಲ. ಈ ಸಂಗತಿಗಳನ್ನು ಮೊದಲೇ ಸರಿಯಾಗಿ ತೂಗಿದ್ದರೆ!

ಸತ್ಯ ಹೊರಬರಲು ಐದು ವರ್ಷ ಹಿಡಿಯಿತು. ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆಂದು ತೋರಿಸಿಕೊಟ್ಟ ರೊನಾಲ್ಡ್ ರಾಸ್ ಈ ಅನ್ಯಾಯದ ವಿರುದ್ಧ ಪತ್ರಿಕೆಗಳಲ್ಲಿ ಬರೆದರು. 1907ರಲ್ಲಿ ಅವರೂ ಸೇರಿ ಹತ್ತು ಮಂದಿ ವಿಜ್ಞಾನಿಗಳು ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಹಾಫ್ಕಿನ್ ನಿರ್ದೋಷಿಯೆಂದು ಸಾರಿದರು. ಆ ವರ್ಷದ ಕೊನೆಯಲ್ಲಿ ಸರಕಾರ ಅವರ ಮೇಲಿನ ಕಳಂಕವನ್ನು ತೆಗೆಯಿತು. ಈ ಐದು ವರ್ಷಗಳಲ್ಲಿ ಪ್ಲೇಗ್ ಸುಮ್ಮನಿರಲಿಲ್ಲ. 1907ರ ಒಂದೇ ವರ್ಷದಲ್ಲಿ ಭಾರತದಲ್ಲಿ 12 ಲಕ್ಷಕ್ಕೂ ಹೆಚ್ಚು ಜನ ಪ್ಲೇಗಿನಿಂದ ಸತ್ತರು. ಅವರಲ್ಲಿ ಸುಮಾರು ಅರ್ಧದಷ್ಟು ಮಂದಿ ಪಂಜಾಬಿನವರು, ಮುಲ್ಕೋವಾಲಿನ ಸುದ್ದಿ ಎಲ್ಲಕ್ಕಿಂತ ಗಾಢವಾಗಿ ಹಬ್ಬಿದ್ದ ಪಂಜಾಬಿನವರು. ಲಸಿಕೆ ಇದ್ದಿದ್ದರೆ ಅವರೆಲ್ಲರೂ ಉಳಿಯುತ್ತಿದ್ದರೆಂದು ಹೇಳಲಾರೆವು. ಆದರೆ ಬೈಕುಲ್ಲಾದ ಲೆಕ್ಕ ನಿಮ್ಮ ಮುಂದಿದೆ.

ಹಾಫ್ಕಿನ್ ಮತ್ತೆ ಭಾರತಕ್ಕೆ ಬಂದು ಕಲ್ಕತ್ತೆಯಲ್ಲಿ ಕೆಲಸಕ್ಕೆ ಸೇರಿದರು. ಆದರೆ ಮೊದಲಿನಂತೆ ಜನರ ನಡುವೆ ಹೊಸ ಪ್ರಯೋಗ ನಡೆಸುವ ಅವಕಾಶವನ್ನು ಅವರಿಗೆ ಕೊಡಲಿಲ್ಲ. ತಮ್ಮನ್ನು ಅವಮಾನಿಸಿದ ಸರಕಾರದ ಕೈಕೆಳಗೇ ನಿವೃತ್ತಿಯವರೆಗೂ ತಾಳ್ಮೆಯಿಂದ ದುಡಿದು, ಮೊದಲ ಮಹಾಯುದ್ಧದ ಹೊತ್ತಿಗೆ ಯುರೋಪಿಗೆ ಮರಳಿದರು. ಅವರು ಮದುವೆಯಾಗಲಿಲ್ಲ. ಕೊನೆಯ ವರ್ಷಗಳನ್ನು ತಮ್ಮ ಧರ್ಮದ ಅಧ್ಯಯನದಲ್ಲಿ, ಆಚರಣೆಯಲ್ಲಿ ಕಳೆದರು. ಕೂಡಿಟ್ಟ ಹಣವನ್ನು ಪೂರ್ವ ಯುರೋಪಿನ ಯಹೂದಿ ಧಾರ್ಮಿಕ ಪಾಠಶಾಲೆಗಳ ಬಡ ವಿದ್ಯಾರ್ಥಿಗಳಿಗಾಗಿ ಮೀಸಲಿಟ್ಟರು. 1925ರಲ್ಲಿ ಪರೇಲ್‌ನ ಪ್ರಯೋಗಾಲಯಕ್ಕೆ ಅವರ ಹೆಸರನ್ನು ಇಡಲಾಯಿತು. ಅಷ್ಟರೊಳಗೆ ಅಲ್ಲಿಂದ ಎರಡೂವರೆ ಕೋಟಿಗೂ ಹೆಚ್ಚು ಪ್ರಮಾಣದ ಪ್ಲೇಗ್ ಲಸಿಕೆ ಹೊರಗೆ ಹೋಗಿತ್ತು. 1930ರ ಅಕ್ಟೋಬರ್ 26ರಂದು ಸ್ವಿಟ್ಜರ್‌ಲೆಂಡಿನ ಲೊಸಾನ್ ನಗರದಲ್ಲಿ ಅವರು ತೀರಿಕೊಂಡರು. 1964ರಲ್ಲಿ ಭಾರತ ಸರಕಾರ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು.

ಇದು ಹಳೆಯ ಕಥೆಯೆಂದು ಪುಟ ಮಗುಚಬೇಡಿ. ಅದೇ ಪಿಸುಮಾತು ನಮ್ಮ ಕಾಲದಲ್ಲೂ ಕೇಳಿಬಂತು. ಪೋಲಿಯೋ ಹನಿ ಹಾಕಿಸಿದರೆ ಮಕ್ಕಳಿಗೆ ಮುಂದೆ ಸಂತಾನವಾಗದೆಂಬ ವದಂತಿ ಉತ್ತರ ಪ್ರದೇಶದ ಮುಸ್ಲಿಮ್ ಮೊಹಲ್ಲಾಗಳಲ್ಲಿ ಹರಡಿತು. 2002ರಲ್ಲಿ ಅಲ್ಲಿ ಪೋಲಿಯೋ ಉಲ್ಬಣಿಸಿದಾಗ ಕಾಲು ಕಳೆದುಕೊಂಡ ಮಕ್ಕಳಲ್ಲಿ ನಮ್ಮ ಸಮುದಾಯದ ಮಕ್ಕಳ ಪ್ರಮಾಣವೇ ಹೆಚ್ಚಾಗಿತ್ತು. ಹಬ್ಬಿಸಿದವರ ನಾಲಗೆಗೆ ಏನೂ ಆಗಲಿಲ್ಲ, ಶಿಕ್ಷೆ ಮಕ್ಕಳ ಕಾಲಿಗಾಯಿತು. ಬಳಿಕ ಉಲಮಾಗಳು ಮುಂದೆ ಬಂದರು. ಮಸೀದಿಗಳಿಂದ ಇಮಾಮರು ಕರೆ ಕೊಟ್ಟರು. ಭಾರತದ ಕೊನೆಯ ಪೋಲಿಯೋ ಪ್ರಕರಣ 2011ರ ಜನವರಿಯಲ್ಲಿ ಹೌರಾ ಜಿಲ್ಲೆಯಲ್ಲಿ ಕಂಡಿತು. ಹಾಫ್ಕಿನ್ ಕೇರಿ ಕೇರಿ ಅಲೆದ ಕಲ್ಕತ್ತೆಯಿಂದ ಹೊಳೆ ದಾಟಿದರೆ ಹೌರಾ. 2014ರ ಮಾರ್ಚ್‌ನಲ್ಲಿ ಭಾರತ ಪೋಲಿಯೋಮುಕ್ತವೆಂದು ಘೋಷಿಸಲ್ಪಟ್ಟಿತು.

ಸುದ್ದಿ ತಂದವನ ಮಾತನ್ನು ಪರಿಶೀಲಿಸದೆ ನಂಬಿ, ತಿಳಿಯದೆ ಯಾರಿಗಾದರೂ ಕೇಡು ಮಾಡಿ ಆಮೇಲೆ ಪಶ್ಚಾತ್ತಾಪ ಪಡಬಾರದೆಂದು ನಮ್ಮ ಧರ್ಮ ನಮಗೆ ಕಲಿಸಿದೆ. ಇದನ್ನು ನಾವು ಜಗಳದ ವಿಷಯದಲ್ಲಿ, ಮಾನದ ವಿಷಯದಲ್ಲಿ ನೆನೆಯುತ್ತೇವೆ. ಮಕ್ಕಳ ಆರೋಗ್ಯದ ವಿಷಯದಲ್ಲೂ ನೆನೆಯಬೇಡವೇ? ಸಂಶಯ ಬಂದರೆ ಕೇಳಿ. ವೈದ್ಯರನ್ನು ಕೇಳಿ, ದಾದಿಯರನ್ನು ಕೇಳಿ, ಹೊಸ ಸೂಜಿಯೇ ಎಂದು ಕೇಳಿ, ಬಾಟಲಿಯ ತಾರೀಕು ಕೇಳಿ. ಮುಲ್ಕೋವಾಲಿನಲ್ಲಿ ಬಿದ್ದ ಚಿಮಟ ನಮಗೆ ಕಲಿಸುವ ಪಾಠವೂ ಇದೇ, ಎಚ್ಚರ ಬೇಕೇ ಬೇಕು. ಕೇಳುವುದು ನಿಮ್ಮ ಹಕ್ಕು. ಆದರೆ ಉತ್ತರ ಸಿಕ್ಕ ಮೇಲೂ ಪಿಸುಮಾತನ್ನೇ ಹಿಡಿದು ಕೂರುವುದು ಎಚ್ಚರವಲ್ಲ. ಅದರ ಬೆಲೆಯನ್ನು ತೆರುವವರು ನಾವಲ್ಲ, ನಮ್ಮ ಮಕ್ಕಳು.

ಹಜ್ಜ್‌ಗೆ ಹೊರಡುವಾಗ ಮೆದುಳು ಜ್ವರದ ಲಸಿಕೆಯನ್ನು ನಾವು ಮರುಮಾತಿಲ್ಲದೆ ಹಾಕಿಸಿಕೊಳ್ಳುತ್ತೇವೆ. ಹಾಗಾದರೆ ಮನೆಯ ಮಗುವಿನ ಚೀಟಿ ಏಕೆ ಕಪಾಟಿನಲ್ಲಿ ಉಳಿಯಬೇಕು? ಇಂದು ಸಂಜೆ ಅದನ್ನು ಹೊರತೆಗೆದು ತಾರೀಕು ನೋಡಿ. ನಿಮ್ಮ ಕೇರಿಯಲ್ಲಿ ಯಾರಾದರೂ ಹೆದರಿದ್ದರೆ ಅವರಿಗೆ ಉಪದೇಶ ಮಾಡಲು ಹೋಗಬೇಡಿ. ನಿಮ್ಮ ಮಗುವನ್ನು ಎತ್ತಿಕೊಂಡು, ಅವರ ಬಾಗಿಲ ಮುಂದೆಯೇ ನಡೆದು ಹೋಗಿ ಲಸಿಕೆ ಹಾಕಿಸಿಕೊಂಡು ಬನ್ನಿ. ಹಾಫ್ಕಿನ್ ಜನರ ಭಯವನ್ನು ಗೆದ್ದದ್ದು ಹಾಗೆಯೇ.